ಚಾಚಾ ಅರ್ಥ ಕೇಳಿದ ಹಾಡು

ಮಗಳ ಕಾಲೇಜಿನಲ್ಲಿ ಹುಡುಗಿಯರೆಲ್ಲ ಸೀರೆ ಉಟ್ಟು ಬರುವ ದಿನವಂತೆ. ನನ್ನ ಮದುವೆಯ ರವಿಕೆಯೇ ಬೇಕೆಂದು ಹಟ ಹಿಡಿದಳು. ಅವಳ ಮೈಕಟ್ಟು ಅವಳಪ್ಪನದು, ರವಿಕೆ ತೋಳು ದಾಟಲಿಲ್ಲ. ಅಗಲ ಮಾಡಿದರೆ ಆದೀತೇನೋ ಎಂದು ಬ್ಲೇಡು ಹಿಡಿದು ಪಕ್ಕದ ಹೊಲಿಗೆ ಬಿಡಿಸಿದೆ. ಒಳಗೆ ಎರಡು ಬೆರಳಗಲ ಬಟ್ಟೆ ಮಡಚಿ ಕೂತಿತ್ತು. ಹೊರಗಿನ ನೇರಳೆ ಮಾಸಿಹೋಗಿದ್ದರೂ ಒಳಗಿನದು ಈಗ ತಾನೆ ಅಂಗಡಿಯಿಂದ ತಂದಂತಿತ್ತು. ಮೂಗಿಗೆ ಹಿಡಿದೆ. ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ... ಇಪ್ಪತ್ತು ವರ್ಷ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇದ್ದರೂ ಅದು ಹೋಗಿರಲಿಲ್ಲ. ಅಥವಾ ಹೋಗಿಲ್ಲ ಎಂದು ನನಗೆ ಅನ್ನಿಸಿತೋ ಏನೋ.

ಪಕ್ಕದಲ್ಲಿ ಮಗಳ ಫೋನು ಹಾಡುತ್ತಿತ್ತು. ಅವಳಿಗೆ ನಾನು ಹುಟ್ಟುವ ಮೊದಲಿನ ಇಂಗ್ಲಿಷ್ ರಾಕ್ ಹಾಡುಗಳ ಹುಚ್ಚು, ಆ ಗಿಟಾರು, ಆ ಡ್ರಮ್ಮು. ಅದರಲ್ಲಿ ಒಂದು ಹಾಡು ಬಂದಾಗಲೆಲ್ಲ ನಾನು ಏನೋ ನೆಪ ಮಾಡಿಕೊಂಡು ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ. ಅವತ್ತೂ ಅದೇ ಬಂತು. ಮಡಿಲಲ್ಲಿ ರವಿಕೆಯಿತ್ತು, ಏಳಲಾಗಲಿಲ್ಲ.

ಆ ರವಿಕೆ ಹೊಲಿದವರು ಶಿರಾದಲ್ಲಿ ನಮ್ಮ ಮನೆಯೆದುರು ಅಂಗಡಿ ಇಟ್ಟಿದ್ದ ಟೈಲರ್ ಚಾಚಾ. ನಮ್ಮಪ್ಪನಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ, ನಾವು ಬಾಡಿಗೆ ಮನೆಯವರು. ಚಾಚಾ ಅಳತೆಗಿಂತ ಯಾವಾಗಲೂ ಒಂದಿಷ್ಟು ಬಟ್ಟೆಯನ್ನು ಹೊಲಿಗೆಯೊಳಗೆ ಬಿಡುತ್ತಿದ್ದರು. ಬೇರೆ ಟೈಲರುಗಳು ಕತ್ತರಿಸಿ ಬಿಸಾಡುವುದನ್ನು ಇವರು ಮಡಚಿ ಒಳಗಿಡುವರು. ಅಮ್ಮ ಕೇಳಿದರೆ, "ಹೆಣ್ಮಕ್ಳು ಇದ್ದಂಗೇ ಇರ್ತಾರಾ ಅಮ್ಮ? ನಾಳಿಕ್ಕೆ ಬೇಕಾಯ್ತದೆ, ಇರ್ಲಿ ಬುಡಿ," ಎನ್ನುತ್ತಿದ್ದರು.

ಅವರಿಗೊಬ್ಬನೇ ಮಗ. ನಾನು ಭಾಯ್ ಎಂದು ಕರೆಯುತ್ತಿದ್ದೆ. ಅವನಿಗೆ ಗಿಟಾರಿನ ಗೀಳು. ಬೆಂಗಳೂರಿನ ಫುಟ್‌ಪಾತಿನಲ್ಲಿ ಹಳೇ ಇಂಗ್ಲಿಷ್ ಕ್ಯಾಸೆಟ್ಟುಗಳನ್ನು ಕೊಂಡು ತಂದು, ಅಂಗಡಿಯ ಟೇಪ್ ರೆಕಾರ್ಡರಿನಲ್ಲಿ ಹಾಕುವನು. ಗಿರಾಕಿಗಳು ಕಿವಿ ಮುಚ್ಚಿಕೊಳ್ಳುವರು. ಒಂದು ದಿನ ಚಾಚಾ ಬೀದಿಗೆಲ್ಲ ಕೇಳುವಂತೆ, "ಮಿಷನ್ ತುಳಿಯಂಗಿದ್ರೆ ಇರು, ಇಲ್ಲಾಂದ್ರೆ ಆ ಡಬ್ಬ ಹೊತ್ಕೊಂಡು ನಡಿ," ಎಂದುಬಿಟ್ಟರು. ಭಾಯ್ ಗಿಟಾರು ಹೊತ್ತುಕೊಂಡು ನಡೆದೇಬಿಟ್ಟ. ಚಿತ್ರದುರ್ಗದ ಒಂದು ಆರ್ಕೆಸ್ಟ್ರಾ ಸೇರಿದ್ದಾನೆಂದು ಆಮೇಲೆ ಸುದ್ದಿ ಬಂತು. ಕ್ಯಾಸೆಟ್ಟುಗಳು ಮಾತ್ರ ಅಂಗಡಿಯಲ್ಲೇ ಉಳಿದವು.

ಎರಡು ತಿಂಗಳಾಗಿತ್ತೋ ಮೂರಾಗಿತ್ತೋ... ಒಂದು ಬೆಳಿಗ್ಗೆ ನೋಡಿದರೆ ಚಾಚಾನೇ ಆ ಕ್ಯಾಸೆಟ್ ಹಾಕಿಕೊಂಡು ಕೂತಿದ್ದಾರೆ. ಮಗನಿಗೆ ಇದರಲ್ಲಿ ಏನು ಕಂಡಿತ್ತೆಂದು ತಿಳಿಯಲು ಹಾಕಿದ್ದರೇನೋ. ಬರಬರುತ್ತಾ ಅವರಿಗೂ ಅಂಟಿಕೊಂಡಿತು. ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಪೆಡಲು ತುಳಿಯುವರು. ಹಾಡು ಜೋರಾದರೆ ಹೊಲಿಗೆಯೂ ಜೋರು. ನಿಧಾನದ ಹಾಡು ಬಂದರೆ ಮಿಷನ್ ನಿಲ್ಲಿಸಿ ಹುಕ್ಸು ಹಚ್ಚಲು ತೆಗೆದುಕೊಳ್ಳುವರು. ಬಿ ಸೈಡಿನ ಮೂರನೇ ಹಾಡು ಬಂದಾಗ ಮಾತ್ರ ಕೈಯೂ ಕಾಲೂ ಎರಡೂ ನಿಲ್ಲುತ್ತಿದ್ದವು. ಅದು ಭಾಯ್ ದಿನಾ ಗಿಟಾರಿನಲ್ಲಿ ಬಾರಿಸಲು ಒದ್ದಾಡುತ್ತಿದ್ದ ಹಾಡು.

ನಾನಾಗ ಮೊದಲ ಪಿಯುಸಿ. ನಮ್ಮ ಬೀದಿಯಲ್ಲಿ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು ನಾನೊಬ್ಬಳೇ ಎಂಬ ಜಂಬ ಬೇರೆ. ಒಂದು ಸಂಜೆ ಚೂಡಿದಾರ ತರಲು ಹೋದಾಗ ಚಾಚಾ ಸ್ಟೂಲು ಒರೆಸಿ ಕೂರಿಸಿದರು. "ಬೇಟಿ, ಇದ್ರಾಗೆ ಏನ್ ಹೇಳ್ತಾವ್ನೆ ಹೇಳು," ಎಂದು ಆ ಹಾಡು ಹಾಕಿದರು.

ನನಗೆ ಒಂದಕ್ಷರ ತಿಳಿಯಲಿಲ್ಲ. ಆ ಗಾಯಕ ಗಂಟಲಲ್ಲಿ ಜಲ್ಲಿ ತುಂಬಿಕೊಂಡು ಹಾಡುವವನು. ತಿಳಿಯಲಿಲ್ಲ ಎಂದು ಹೇಳಬಹುದಿತ್ತು. ಆದರೆ ಜಂಬ ಬಿಡಲಿಲ್ಲ. ಜೊತೆಗೆ ಚಾಚಾನ ಮುಖ... ಪರೀಕ್ಷೆಯ ಫಲಿತಾಂಶ ಕೇಳಲು ನಿಂತವರ ಮುಖವಿತ್ತು ಅದು. ನಾನು ಕಣ್ಣು ಮುಚ್ಚಿ, ಅರ್ಥವಾದವಳಂತೆ ತಲೆಯಾಡಿಸಿ, ಬಾಯಿಗೆ ಬಂದದ್ದು ಹೇಳಿದೆ. ಮನೆ ಬಿಟ್ಟು ಹೋದ ಮಗ ಹಾಡ್ತಿದ್ದಾನೆ ಚಾಚಾ. ಅಪ್ಪ, ನನಗೆ ನಿನ್ನ ಮೇಲೆ ಕೋಪ ಇಲ್ಲ, ವಾಪಸ್ ಬರೋಕೆ ನಾಚಿಕೆ ಅಷ್ಟೆ, ನೀನೇ ಒಂದು ಸಲ ಬಂದು ಕರೆದರೆ ಬಂದುಬಿಡ್ತೀನಿ ಅಂತಿದ್ದಾನೆ.

ಚಾಚಾ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಇನ್ನೊಂದು ಸಲ ಹಾಕಿದರು.

ಮಾರನೆಯ ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ಹಬ್ಬ ಹತ್ತಿರವಿತ್ತು, ಹೊಲಿಯುವ ಬಟ್ಟೆ ರಾಶಿ ಬಿದ್ದಿತ್ತು. ಬೆಳಿಗ್ಗೆಯ ಮೊದಲ ಬಸ್ಸಿಗೇ ಚಿತ್ರದುರ್ಗಕ್ಕೆ ಹೋದರೆಂದು ಅಮ್ಮ ಹೇಳಿದಳು. ಸಂಜೆ ಅಪ್ಪ ಮಗ ಇಬ್ಬರೂ ಬೀದಿಯಲ್ಲಿ ನಡೆದು ಬಂದರು. ಗಿಟಾರು ಚಾಚಾನ ಹೆಗಲಲ್ಲಿತ್ತು. ನನಗೆ ಖುಷಿಯಾಯಿತು, ಸುಳ್ಳು ಬಯಲಾದೀತೆಂಬ ಭಯವೂ ಹುಟ್ಟಿತು.

ಅಂದಿನಿಂದ ಚಾಚಾ ಬಂದ ಹೆಂಗಸರಿಗೆಲ್ಲ ನನ್ನನ್ನು ತೋರಿಸಿ, "ಈಕೆ ಓದಿದ್ದು ಸಾರ್ಥಕ ಆಯ್ತು ಕಣಮ್ಮ," ಎನ್ನುವರು. ನಾನು ಇಂಗ್ಲಿಷ್ ಎಂ.ಎ. ಮಾಡಿದ್ದರಲ್ಲಿ ಆ ಹೊಗಳಿಕೆಯ ಪಾಲೂ ಇದೆ. ತುಮಕೂರಿನಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳ ಹತ್ತಿರ ಅದೇ ಕ್ಯಾಸೆಟ್ ಸಿಕ್ಕಿತು. ಒಳಗಿನ ಕಾಗದದಲ್ಲಿ ಹಾಡಿನ ಸಾಲುಗಳು ಅಚ್ಚಾಗಿದ್ದವು. ಓದಿದೆ. ಅದರಲ್ಲಿ ಅಪ್ಪನೂ ಇಲ್ಲ, ಮಗನೂ ಇಲ್ಲ. ಯಾರೋ ಒಬ್ಬ ತನ್ನ ಹಳೇ ಕಾರು ಮಾರಿಬಿಟ್ಟು ಪಡುವ ಸಂಕಟ!

ನಗಬೇಕಿತ್ತು. ನಗು ಬರಲಿಲ್ಲ. ಭಾಯ್‌ಗೆ ಇದು ಗೊತ್ತಾದರೆ? ಅವನು ಚಾಚಾಗೆ ಹೇಳಿಬಿಟ್ಟರೆ? ಆ ಮುಖವನ್ನು ಹೇಗೆ ನೋಡಲಿ? ರಜೆಗೆ ಬಂದರೂ ಹಿಂದಿನ ಓಣಿಯಿಂದ ಮನೆ ಸೇರತೊಡಗಿದೆ. ಅಂಗಡಿಯಿಂದ ಆ ಹಾಡು ಕೇಳಿಸಿದರೆ ಕಿಟಕಿ ಮುಚ್ಚುತ್ತಿದ್ದೆ. ಮದುವೆಯ ರವಿಕೆಗೆ ಅಳತೆ ಕೊಡಲೂ ಹೋಗಲಿಲ್ಲ. ಅಮ್ಮ ಹಳೆಯ ರವಿಕೆಯೊಂದನ್ನು ಒಯ್ದಳು. "ಬೇಟಿ ಯಾಕೆ ಬರ್ಲಿಲ್ಲ ಅಂತ ಎರಡೆರಡು ಸಲ ಕೇಳಿದ್ರು ಕಣೇ," ಎಂದಳು ಬಂದು. ಮದುವೆಯಾಗಿ ಮಧುಗಿರಿಗೆ ಬಂದೆ, ಇಲ್ಲೇ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆದೆ. ಚಾಚಾ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಒಂದೂವರೆ ಗಂಟೆಯ ದಾರಿ. ಹೋಗಲಿಲ್ಲ... ಪರೀಕ್ಷೆಯ ಡ್ಯೂಟಿ ಇದೆ ಎಂದು ನನಗೆ ನಾನೇ ಹೇಳಿಕೊಂಡೆ.

ಬಿಚ್ಚಿದ ರವಿಕೆಯನ್ನು ಮತ್ತೆ ಹೊಲಿಸಬೇಕಿತ್ತು. ಮಧುಗಿರಿಯಲ್ಲಿ ಟೈಲರುಗಳಿಗೇನು ಬರವಿಲ್ಲ. ಆದರೂ ಭಾನುವಾರ ಮಗಳನ್ನು ಕರೆದುಕೊಂಡು ಶಿರಾ ಬಸ್ ಹತ್ತಿದೆ.

ಭಾಯ್ ಗಡ್ಡವೆಲ್ಲ ಬಿಳಿಯಾಗಿ ಅದೇ ಮಿಷನ್ನಿನ ಮುಂದೆ ಕೂತಿದ್ದ. ಗೋಡೆಯ ಮೇಲೆ ಗಿಟಾರು, ಧೂಳಿರಲಿಲ್ಲ. ನನ್ನ ಗುರುತು ಹತ್ತಿ ಎದ್ದು ನಿಂತ. ಮಗಳು ಗಿಟಾರು ನೋಡಿದ್ದೇ ತಡ, ಹಾಡುಗಳ ಹೆಸರು ಹೇಳಲು ಶುರುಮಾಡಿದಳು. ಇಬ್ಬರೂ ಒಂದೇ ಓರಗೆಯವರಂತೆ ಹರಟಿದರು. ಅವನು ಟೇಪ್ ಹಾಳಾಯಿತೆಂದು ಫೋನಿನಲ್ಲೇ ಆ ಹಾಡು ಹಾಕಿದ. ನನಗೆ ತಡೆಯಲಾಗಲಿಲ್ಲ. "ಭಾಯ್, ಅವತ್ತು ಚಾಚಾಗೆ ನಾನು ಹೇಳಿದ ಅರ್ಥ ಸುಳ್ಳು," ಎಂದೆ.

ಅವನು ರವಿಕೆಯ ಅಂಚು ಸರಿಪಡಿಸುತ್ತಾ ತಲೆಯೆತ್ತದೆ ಹೇಳಿದ. "ಗೊತ್ತಮ್ಮ. ಅಬ್ಬಾಗೂ ಗೊತ್ತಿತ್ತು. ದುರ್ಗದಿಂದ ವಾಪಸ್ ಬರೋವಾಗ ನೀವು ಹೇಳಿದ್ದ ಅರ್ಥ ಹೇಳುದ್ರು, ನಾನು ಬಸ್ಸಲ್ಲೇ ಹೇಳ್ಬುಟ್ಟೆ, ಇದು ಕಾರಿನ ಹಾಡು ಅಬ್ಬಾ ಅಂತ. ಹಿರಿಯೂರು ಬರೋವರ್ಗೂ ನಕ್ರು. ಆಮೇಲೆ, ಬೇಟಿ ಮುಂದೆ ಇದ ಎತ್‌ಬ್ಯಾಡ ಕಣೋ, ನೊಂದ್ಕೊಂತದೆ ಅಂದ್ರು."

ಮಿಷನ್ನಿಗೆ ದಾರ ಪೋಣಿಸಿದ. "ನೀವು ರಜಕ್ಕೆ ಬಂದಿದ್ದೀರಿ ಅಂತ ಗೊತ್ತಾದ್ರೆ ಸಾಕು, ಬೆಳಿಗ್ಗೆಯಿಂದ ಇದೇ ಹಾಡು ಹಾಕೋರು. ಕೇಳುಸ್ಕೊಂಡು ಬತ್ತಾಳೆ ಅನ್ನೋರು... ಯಾಕಮ್ಮ ಬರ್ಲೇ ಇಲ್ಲ?"

ಅವನು ಚಾಚಾ ಬಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಹೊರಗೆಳೆದು, ಉಳಿದರ್ಧವನ್ನು ಮತ್ತೆ ಒಳಗೆ ಮಡಚಿ ಹೊಲಿದುಕೊಟ್ಟ.

ವಾಪಸ್ ಬಸ್ಸಿನಲ್ಲಿ ಮಗಳು ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗಿಟ್ಟಳು. ಅದೇ ಹಾಡು. ಬಡವನಹಳ್ಳಿ ಹತ್ತಿರ ಬಂದಾಗ ಕೇಳಿದಳು. "ಅಮ್ಮ, ಅವತ್ತು ನೀನು ಏನಂತ ಅರ್ಥ ಹೇಳಿದ್ದೆ?"

ಹೇಳತೊಡಗಿದೆ. ಮನೆ ಬಿಟ್ಟು ಹೋದವರು ಹಾಡ್ತಿದ್ದಾರೆ... ವಾಪಸ್ ಬರೋಕೆ ನಾಚಿಕೆ ಅಷ್ಟೆ... ಅಲ್ಲಿಂದ ಮುಂದಕ್ಕೆ ಹೇಳಲು ನನ್ನಿಂದ ಆಗಲಿಲ್ಲ.