ಅಚ್ಚಿನ ಮೊಳೆ ಕರಗಿಸಿದ ಗುಂಡು

ಸುಟ್ಟ ಮೇಣದ ವಾಸನೆ ಅದು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲಾರಿಗಳು ಒಂದರ ಹಿಂದೊಂದು ಅಂಟಿಕೊಂಡು ನಿಂತಿದ್ದ ಶನಿವಾರದ ಮಧ್ಯಾಹ್ನ, ಕಾರಿನ ಟೈರು ಪಂಕ್ಚರಾಗಿ, ತಗಡಿನ ಅಂಗಡಿಯೊಂದರ ಮುಂದೆ ನಾನೂ ಮಗಳೂ ಕಾಯುತ್ತಿದ್ದೆವು. ಪಕ್ಕದಲ್ಲೇ ಒಬ್ಬಾತ ಇದ್ದಿಲ ಒಲೆಯ ಮೇಲೆ ಸೀಸ ಕರಗಿಸಿ, ಬೆಸ್ತರು ಬಲೆಗೆ ಕಟ್ಟುವ ಗುಂಡುಗಳನ್ನು ಎರೆಯುತ್ತಿದ್ದ. ಕುದಿಯುವ ಸೀಸದ ಮೇಲೆ ಮೇಣದ ಚೂರೊಂದನ್ನು ಹಾಕಿದ. ಹೊಗೆ ಎದ್ದಿತು, ಕೊಳೆಯೆಲ್ಲ ಕೆನೆಗಟ್ಟಿ ಮೇಲೆ ಬಂದಿತು, ಅದನ್ನು ಸರಿಸಿದಾಗ ಕೆಳಗೆ ಕನ್ನಡಿ. ಮಗಳು ಆರಿದ ಗುಂಡುಗಳಲ್ಲಿ ಎರಡನ್ನು ಎತ್ತಿಕೊಂಡಳು. “ಅಮ್ಮಾ, ದೇ ಲುಕ್ ದ ಸೇಮ್. ಬಟ್ ದಿಸ್ ಒನ್ ಈಸ್ ಲೈಟರ್!” ಎಂದು ಕಣ್ಣರಳಿಸಿದಳು. ಆತ ನಕ್ಕ. ಒಂದು ಹಳೆಯ ಮಾಡಿನ ಸೀಸದ ಹಾಳೆಯದಂತೆ, ಇನ್ನೊಂದು ಕಾರಿನ ಚಕ್ರಕ್ಕೆ ಬಡಿಯುವ ತೂಕದ ತುಂಡುಗಳದು. “ಸಿಯೋ ಸವಾ, ಮಮಾ,” ಎಂದ. ಎರಡೂ ಒಂದೇ ಅಲ್ಲ ತಾಯಿ. ಅಷ್ಟು ಹೇಳಿ ಅವನು ತನ್ನ ಕೆಲಸಕ್ಕೆ ತಿರುಗಿದ. ನಾನು ಮಾತ್ರ ವೀರಾಜಪೇಟೆಯ ನಮ್ಮ ಹಿತ್ತಲಿಗೆ ಹೋಗಿ ನಿಂತುಬಿಟ್ಟಿದ್ದೆ.

ನಮ್ಮದು ಪ್ರೆಸ್ಸಿನ ಮನೆ. ಮುಂದಿನ ಎರಡು ಕೋಣೆ ಪ್ರೆಸ್ಸು, ಹಿಂದಿನದು ಸಂಸಾರ. ಸೀಮೆಎಣ್ಣೆ, ಮಸಿ, ಹೊಸ ಕಾಗದ, ಒಳಗಿನಿಂದ ಬರುವ ಒಗ್ಗರಣೆ, ಇವೆಲ್ಲ ಕಲಸಿದ ಗಾಳಿಯನ್ನೇ ನಾನು ಉಸಿರಾಡಿ ಬೆಳೆದದ್ದು. ಕಾಲಲ್ಲಿ ತುಳಿಯುವ ಯಂತ್ರ ದಡಕ್ ದಡಕ್ ಎನ್ನುತ್ತಿದ್ದರೆ ಮನೆಗೆ ಜೀವ ಇದೆ ಎಂದು ಅರ್ಥ. ತಾತ ಗೂಡುಗೂಡಿನ ಮರದ ಪೆಟ್ಟಿಗೆಯಿಂದ ಒಂದೊಂದು ಅಕ್ಷರದ ಅಚ್ಚಿನ ಮೊಳೆಗಳನ್ನು ಕೋಳಿ ಕಾಳು ಹೆಕ್ಕಿದಂತೆ ಹೆಕ್ಕಿ ಜೋಡಿಸುತ್ತಿದ್ದರು. ನಾನು ಅಕ್ಷರ ಕಲಿತದ್ದು ಅಲ್ಲಿ, ಅದೂ ತಿರುಗುಮುರುಗಾಗಿ. ನಿಮಗೂ ಇಂಥ ಒಂದು ಮನೆ ಇದ್ದಿರಬೇಕು. ಅದರ ವಾಸನೆಯನ್ನು ಇನ್ನೊಬ್ಬರಿಗೆ ಹೇಳಲು ಹೋದರೆ ಬಾಯಿ ಬರಿದಾಗುತ್ತದೆ, ಅಲ್ಲವೇ?

ಪಕ್ಕದ ಮನೆ ಚೋಂದವ್ವಜ್ಜಿಯದು. ಕೊಡವರ ಮನೆ, ಆದ್ದರಿಂದ ಗೋಡೆಯ ಮೇಲೆ ಕೋವಿ. ಮೂತಿಯಿಂದ ಮದ್ದು ತುಂಬುವ, ಅವರ ಯಜಮಾನರ ಮುತ್ತಾತನ ಕಾಲದ ಕೇಪಿನ ಕೋವಿ ಅದು. ಯಜಮಾನರು ತೀರಿಕೊಂಡ ವರ್ಷ ಕೈಲ್ ಮುಹೂರ್ತ ಹತ್ತಿರ ಬಂತು. ಆಯುಧಗಳಿಗೆಲ್ಲ ಪೂಜೆ ಮಾಡಿ, ಆಮೇಲೆ ಊರವರೆಲ್ಲ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ. ಅಜ್ಜಿಯ ಮೈದುನನ ಇಬ್ಬರು ಮಕ್ಕಳು ಬಂದು ಜಗಲಿಯಲ್ಲಿ ಕೂತರು. ದೊಡ್ಡಮ್ಮನನ್ನು ಅವರು ಬಲ್ಯವ್ವ ಎನ್ನುತ್ತಿದ್ದರು.

“ಹೊಡೆಯೋ ಕೈ ಇಲ್ಲದ ಮನೇಲಿ ಕೋವಿಗೆ ತುಕ್ಕು ಹಿಡಿಯುತ್ತೆ ಬಲ್ಯವ್ವ. ನಮ್ಮ ಮನೆಗೆ ಕೊಡಿ, ನೋಡ್ಕೊಳ್ತೇವೆ,” ಎಂದ ದೊಡ್ಡವನು.

“ನನ್ನ ಕೈ ಏನು ಸೌಟು ಹಿಡಿಯೋಕೆ ಮಾತ್ರ ಇರೋದಾ? ಈ ಸಲ ಕಾಯಿಗೆ ನಾನೇ ಹೊಡಿತೀನಿ. ತಪ್ಪಿತಾ, ಅವತ್ತೇ ತಗೊಂಡು ಹೋಗಿ. ಒಡೆಯಿತಾ, ಇನ್ನು ಆ ಮಾತು ಎತ್ತಬಾರದು.”

ಹಾಗೆಂದು ಹೇಳಿ ಅಜ್ಜಿ ಅವರಿಗೆ ಕಾಫಿ ಕೊಟ್ಟರು. ಗೋಡೆಯ ಮೇಲಿನ ಆ ಕೋವಿ ಹೋದರೆ ಮನೆಯಲ್ಲಿ ಗಂಡನದು ಅನ್ನುವುದು ಇನ್ನೇನೂ ಉಳಿಯುತ್ತಿರಲಿಲ್ಲ.

ತೌರಿನಲ್ಲಿ ಅಪ್ಪನ ಜೊತೆ ಕೋವಿ ಹಿಡಿದು ಬೆಳೆದವರಂತೆ ಅಜ್ಜಿ. ಆದರೆ ಹೊಡೆಯಲು ಗುಂಡು ಬೇಕಲ್ಲ? ಯಜಮಾನರು ತಾವೇ ಎರೆದಿಟ್ಟ ಗುಂಡುಗಳಲ್ಲಿ ಚರ್ಮದ ಚೀಲದ ತಳದಲ್ಲಿ ಉಳಿದದ್ದು ಒಂದೇ ಒಂದು. ಇಕ್ಕಳದಂಥ ಗುಂಡಿನ ಅಚ್ಚನ್ನೂ ಅಷ್ಟಿಷ್ಟು ಹಳೆಯ ಸೀಸದ ಕೊಳವೆಯನ್ನೂ ಹಿಡಿದುಕೊಂಡು ಅಜ್ಜಿ ನಮ್ಮ ಹಿತ್ತಲಿಗೆ ಬಂದರು. ತಾತ ಒಲೆ ಹೊತ್ತಿಸಿಕೊಟ್ಟರು. ಕೊಳವೆ ಕರಗಿ ಬಟ್ಟಲಿನ ತಳದಲ್ಲಿ ಚೂರೇ ಚೂರಾಯಿತು. ಅಜ್ಜಿ ಮೇಣ ತರಲು ಮನೆಗೆ ಹೋದದ್ದೇ ತಡ, ಇಷ್ಟು ಸೀಸ ಯಾವ ಮೂಲೆಗೆ ಸಾಲುತ್ತದೆ ಎಂದು ಮರುಗಿದ ತಾತ, ಸವೆದು ಮೂಲೆ ಸೇರಿದ್ದ ಮೊಳೆಗಳನ್ನು ಎರಡು ಬೊಗಸೆ ತಂದು ಸುರಿದುಬಿಟ್ಟರು. ಪ್ರೆಸ್ಸಿನವರು ಮಾತ್ರ ಮಾಡಬಲ್ಲ ಔದಾರ್ಯ! ಅಕ್ಷರಗಳು ಒಂದು ಕ್ಷಣ ತೇಲಿದವು, ಮುಖ ಕಳೆದುಕೊಂಡವು, ಮುಳುಗಿದವು. ನಾನು ಉಸಿರು ಬಿಗಿಹಿಡಿದು ನೋಡಿದೆ.

ಎರೆದ ಗುಂಡುಗಳು ಬೆಳ್ಳಿಯಂತೆ ಫಳಫಳ ಹೊಳೆದವು. ಒಂದನ್ನು ಅಂಗೈಯಲ್ಲಿ ಉರುಳಿಸುತ್ತಿದ್ದ ಅಜ್ಜಿಯ ಮುಖ ಇಳಿಯಿತು.

“ರಾಯರೇ, ಇದಕ್ಕೆ ಏನು ಹಾಕಿದಿರಿ?”

“ಹಳೇ ಮೊಳೆ ಕಣ್ರೀ ಚೋಂದವ್ವ. ಅದೂ ಸೀಸವೇ ತಾನೇ?”

“ಸೀಸ ಹೌದು. ಬರೀ ಸೀಸ ಅಲ್ಲ. ಕೈಗೇ ಗೊತ್ತಾಗ್ತದೆ.”

ತಾತ ಮಸಿಪುಡಿ ತೂಗುವ ಪುಟ್ಟ ತಕ್ಕಡಿ ತಂದರು. ಒಂದು ತಟ್ಟೆಗೆ ಯಜಮಾನರ ಬೂದು ಗುಂಡು, ಇನ್ನೊಂದಕ್ಕೆ ಹೊಸ ಹೊಳೆಯುವ ಗುಂಡು. ಒಂದೇ ಅಚ್ಚಿನಲ್ಲಿ ಹುಟ್ಟಿದ, ಒಂದೇ ಗಾತ್ರದ ಎರಡು ಗುಂಡು. ಬೂದು ಗುಂಡು ಮೆಲ್ಲಗೆ ಕೆಳಗಿಳಿಯಿತು, ಹೊಳೆಯುವುದು ಮೇಲೆದ್ದಿತು. ಆ ತಟ್ಟೆ ಏಳುವುದನ್ನು ನೋಡಿದಾಗ ನನ್ನ ಮೈ ಜುಮ್ಮೆಂದದ್ದು ಈಗಲೂ ನೆನಪಿದೆ. ಕಣ್ಣಿಗೆ ಒಂದೇ ಆಗಿರುವುದು ಒಳಗೆ ಬೇರೆಯಾಗಿರಬಹುದು ಎಂಬ ಲೋಕರಹಸ್ಯವನ್ನು ಯಾರೋ ನನಗೊಬ್ಬಳಿಗೇ ತೆರೆದು ತೋರಿಸಿದಂತೆ. ತಾತ ಹಣೆ ಚಚ್ಚಿಕೊಂಡರು. ಮೆತ್ತನೆ ಸೀಸದಲ್ಲೇ ಅಕ್ಷರ ಮಾಡಿದರೆ ನಾಲ್ಕು ದಿನ ಒತ್ತುವುದರೊಳಗೆ ಚಪ್ಪಟೆಯಾಗುತ್ತದೆ, ಅದಕ್ಕೇ ಮೊಳೆಗೆ ತವರ, ಆಂಟಿಮನಿ ಬೆರೆಸುತ್ತಾರೆ, ಗಟ್ಟಿಯಾಗುತ್ತದೆ, ಆದರೆ ಅವೆರಡೂ ಸೀಸಕ್ಕಿಂತ ಹಗುರ ಎಂದು ವಿವರಿಸಿದರು. ಅಜ್ಜಿ ಬೂದು ಗುಂಡನ್ನು ಉಗುರಿನಿಂದ ಗೀರಿದರು, ಗೆರೆ ಬಿತ್ತು. ಹೊಸದನ್ನು ಗೀರಿದರು, ಉಗುರು ಜಾರಿತು.

“ಅದೊಂದು ಇದೆಯಲ್ಲಾ, ಹಬ್ಬಕ್ಕೆ ಅದನ್ನೇ ತುಂಬಿ. ಒಂದು ಕಾಯಿಗೆ ಒಂದು ಗುಂಡು ಸಾಕು,” ಎಂದರು ತಾತ, ತಪ್ಪಿತಸ್ಥರ ದನಿಯಲ್ಲಿ.

ಅಜ್ಜಿ ಬೂದು ಗುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. “ಇದು ಅವರು ಎರೆದದ್ದು ರಾಯರೇ. ಇದರಲ್ಲಿ ಹೊಡೆದರೆ ಹೊಡೆದದ್ದು ಅವರಾಗ್ತಾರೆ, ನಾನಲ್ಲ,” ಎಂದು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಮಾರನೆಯ ಬೆಳಿಗ್ಗೆ ಗದ್ದೆಯ ಅಂಚಿನಲ್ಲಿ ಬಾಳೆದಿಂಡು ನಿಲ್ಲಿಸಿ, ಅದಕ್ಕೆ ಸುಣ್ಣದ ಬೊಟ್ಟಿಟ್ಟು ಅಜ್ಜಿ ಹೊಡೆದು ನೋಡಿದರು. ಗುಂಡು ಬೊಟ್ಟಿನಿಂದ ಒಂದು ಗೇಣು ಕೆಳಗೆ ಹೊಕ್ಕಿತ್ತು. ಮತ್ತೆ ಹೊಡೆದರು. ಅಲ್ಲೇ. ನನಗೆ ಪರಮಾಶ್ಚರ್ಯ. “ಹಗುರ ಇದ್ದದ್ದು ಮೇಲೆ ಹೋಗಬೇಕಲ್ವಾ ಅಜ್ಜಿ?”

“ಗುಂಡು ಹಗುರಾದರೆ ಕೋವಿ ಒದೆಯೋದೂ ಕಡಿಮೆ ಮಗಾ. ಭಾರದ್ದು ಭುಜಕ್ಕೆ ಗುದ್ದಿ ಮೂತಿ ಎತ್ತಿಸಿಯೇ ಹೊರಡೋದು. ಇದು ಕಳ್ಳನ ಹಾಗೆ ಸುಮ್ಮನೆ ಜಾರಿಕೊಳ್ತದೆ.” ನಗುತ್ತಾ ಭುಜ ಉಜ್ಜಿಕೊಂಡರು. “ಅದಕ್ಕೆ ಬುದ್ಧಿ ಹೇಳಕ್ಕಾಗಲ್ಲ. ನಾವೇ ಕಣ್ಣು ಬದಲಾಯಿಸಬೇಕು.”

ಹಬ್ಬದ ದಿನ ಮೈದಾನದಂಚಿನ ಹಲಸಿನ ಮರದಲ್ಲಿ ಕಾಯಿ ಕಟ್ಟಿದ್ದರು. ಕೋವಿಗಳಿಗೆಲ್ಲ ತೋಕ್ ಹೂವಿನ ಕೆಂಪು ಕುಚ್ಚು. ಮೈದುನನ ಮಕ್ಕಳಿಬ್ಬರೂ ತಮ್ಮ ಹೊಸ ಕೋವಿಯಲ್ಲಿ ಹೊಡೆದರು, ಕಾಯಿ ಅಲ್ಲಾಡಲಿಲ್ಲ. ಆಮೇಲೆ ಅಜ್ಜಿ ಸೆರಗು ಬಿಗಿದು ನಿಂತರು. ಮೂತಿ ಕಾಯಿಯನ್ನು ದಾಟಿ ಮೇಲಿನ ಬರೀ ಎಲೆಗಳತ್ತ ಏರಿತು. ಜನ ಮುಸಿಮುಸಿ ನಕ್ಕರು. “ಬಲ್ಯವ್ವ, ಕಾಯಿ ಕೆಳಗಿದೆ! ಕಾಗೆಗೆ ಗುರಿ ಇಟ್ಟಿರಾ?” ಎಂದು ದೊಡ್ಡವನು ಕೂಗಿದ. ಅಜ್ಜಿ ತಿರುಗಲಿಲ್ಲ. ತಾತ ನನ್ನ ಕೈಯನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದರು. ಈಡು ಹಾರಿತು, ಬಿಳಿ ಹೊಗೆ ಎಲ್ಲವನ್ನೂ ಮುಚ್ಚಿತು. ಆ ಹೊಗೆಯೊಳಗಿನಿಂದ ಮೊದಲು ಬಂದದ್ದು ಸದ್ದು: ಚಿಪ್ಪು ಚೂರಾಗಿ ಕೊಂಬೆಗಳ ನಡುವೆ ಉದುರುವ ಸದ್ದು. ಆಮೇಲೆ ಕಾಯಿಯ ನೀರು ಹನಿಹನಿಯಾಗಿ ಬಿತ್ತು. ಮತ್ತೆ ಆ ದೊಡ್ಡವನೇ ಬಂದು ಅಜ್ಜಿಯ ಕಾಲು ಮುಟ್ಟಿದ, ಕೋವಿಯನ್ನು ತನ್ನ ಪಂಚೆಯ ತುದಿಯಿಂದ ಒರೆಸಿದ, ತಾನೇ ಹೊತ್ತುಕೊಂಡು ಹೋಗಿ ಅವರ ಗೋಡೆಯ ಗೂಟಕ್ಕೆ ತೂಗುಹಾಕಿದ. ಅಜ್ಜಿ ಇರುವವರೆಗೂ ಅದು ಅಲ್ಲಿಯೇ ಇತ್ತು.

ಆ ಸಂಜೆ ಜನ ಚದುರಿದ ಮೇಲೆ ತಾತ ನನ್ನನ್ನು ಹಲಸಿನ ಮರದ ಬಳಿಗೆ ಕರೆದುಕೊಂಡು ಹೋದರು. ಕಾಯಿ ಸೀಳಿದ ಗುಂಡು ಹಿಂದಿನ ಕಾಂಡದೊಳಗೆ ಹೂತುಹೋಗಿತ್ತು, ತೂತಿನಿಂದ ಬಿಳಿ ಅಂಟು ಒಸರುತ್ತಿತ್ತು. ತಾತ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ಎಷ್ಟು ಮದುವೆ, ಎಷ್ಟು ತಿಥಿ ಒತ್ತಿದ ಮೊಳೆಗಳೋ,” ಎಂದರು, ಪೂಜೆಯ ದನಿಯಲ್ಲಿ.

ಪ್ರೆಸ್ಸು ಈಗಿಲ್ಲ, ಆ ಮನೆ ನಿಂತಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ತಾತ ಇಲ್ಲ, ಚೋಂದವ್ವಜ್ಜಿ ಇಲ್ಲ, ನಾನು ಸಮುದ್ರದ ಈಚೆ. ಆ ಹಲಸಿನ ಮರವೊಂದು ಉಳಿದಿದೆ ಎಂದು ಕೇಳಿದ್ದೇನೆ. ತೂತು ಎಂದೋ ಮುಚ್ಚಿಹೋಗಿರಬೇಕು. ವರ್ಷಕ್ಕೊಂದು ಸುತ್ತಿನಂತೆ ತೊಗಟೆ ಬೆಳೆದು, ಅದರ ಒಳಗೆ, ಯಾರ ಕಣ್ಣಿಗೂ ಬೀಳದೆ, ಯಾವ ಅಕ್ಷರಗಳೆಂದು ಇನ್ನು ಯಾರೂ ಹೇಳಲಾರದ ಒಂದು ಹಿಡಿ ಕನ್ನಡ ಬೆಚ್ಚಗೆ ಮಲಗಿದೆ.