ಆರಲು ಬಿಟ್ಟ ಗಾಡಿ

ರಾಯಪುರಂನಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬರಿದ್ದರು. ಮನೆಯಲ್ಲಿ ಅವರೊಬ್ಬರೇ. ಅವರ ಹಳೆಯ ಕಾರಿನಲ್ಲಿ ಇಂಜಿನ್ ತಣ್ಣಗಿಡುವ ವಾಟರ್ ಪಂಪಿನ ಸೀಲ್ ಸೋರುತ್ತಿತ್ತು. ಭಾನುವಾರ ಬೆಳಿಗ್ಗೆ ಕಡಲ ದಂಡೆಯ ರಸ್ತೆಯಲ್ಲಿ ಎಣ್ಣೂರಿನ ಕಡೆ ಹೊರಟರೆ ಅರ್ಧ ದಾರಿಯಲ್ಲೇ ಇಂಜಿನ್ ಕಾದುಬಿಡುತ್ತಿತ್ತು. ಸೀಲ್ ಬದಲಾಯಿಸಿ ಸಾರ್ ಎಂದರೆ, ಅಂಗಿಯ ತೋಳು ಮಡಚಿಕೊಳ್ಳುತ್ತಾ, "ಸ್ವಲ್ಪ ಆರಲಿ ಬಿಡಪ್ಪ" ಎನ್ನುತ್ತಿದ್ದರು. ಬಿಸಿ ಕಾಫಿ ಕೊಟ್ಟರೂ ಅದೇ ಮಾತು.

ಗಾಡಿ ನಿಲ್ಲುತ್ತಿದ್ದುದು ಮಾತ್ರ ಯಾವಾಗಲೂ ಮೀನುಗಾರರ ಒಂದೇ ಮನೆಯ ಮುಂದೆ. ಆ ಮನೆಯ ಮುದುಕಿ ಪ್ಲಾಸ್ಟಿಕ್ ಕೊಡದಲ್ಲಿ ನೀರು ತಂದುಕೊಟ್ಟು ಮೆಟ್ಟಿಲ ಮೇಲೆ ಕೂರುತ್ತಿದ್ದಳಂತೆ. ಇಂಜಿನ್ ಆರುವವರೆಗೂ ಇಬ್ಬರೂ ತಮಿಳಿನಲ್ಲಿ ಬಲೆ, ಮಂಡಿನೋವು, ಕರೆಂಟು ಎಂದು ಮಾತಾಡುತ್ತಿದ್ದರಂತೆ.

ಒಮ್ಮೆ ಅವರು ಜ್ವರದಿಂದ ಮಲಗಿದ್ದಾಗ, ದೊಡ್ಡ ಉಪಕಾರವೆಂದುಕೊಂಡು ನಾನೇ ಮೆಕ್ಯಾನಿಕ್‌ನನ್ನು ಕರೆಸಿ ಹೊಸ ಸೀಲ್ ಹಾಕಿಸಿದೆ. ಕೀ ಕೊಟ್ಟಾಗ ಅವರು "ಹೌದಾ" ಎಂದರು, ಅಷ್ಟೇ.

ಮುಂದಿನ ಭಾನುವಾರ ನನ್ನನ್ನೂ ಕರೆದುಕೊಂಡು ಹೊರಟರು. ಇಂಜಿನ್ ಬಿಸಿ ತೋರಿಸುವ ಮುಳ್ಳು ಅರ್ಧಕ್ಕೂ ಏರಿರಲಿಲ್ಲ. ಆದರೂ ಆ ಮನೆ ಬಂದೊಡನೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದರು. ಮುದುಕಿ ಕೊಡ ಹಿಡಿದುಕೊಂಡೇ ಹೊರಗೆ ಬಂದಳು. ಇನ್ನೂ ಸೋರುತ್ತಿದೆಯಾ ಎಂದು ತಮಿಳಿನಲ್ಲಿ ಕೇಳಿದಳು. ಅವರು ನನ್ನ ಮುಖ ನೋಡದೆ ಹೌದೆಂದು ತಲೆಯಾಡಿಸಿದರು.

ನಾನು ಗಾಡಿಯ ಕೆಳಗೆ ಬಗ್ಗಿ ನೋಡಿದೆ. ನೆಲ ಒಣಗಿತ್ತು. ಎದ್ದು ನಿಂತು, "ಸ್ವಲ್ಪ ಆರಲಿ ಬಿಡಿ ಸಾರ್" ಎಂದೆ.