ಮೂರು ವಾರ ಆರಿಸಿಟ್ಟ ಕುಲುಮೆ

ಆ ಪುಸ್ತಕ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ರಟ್ಟು ಚೆನ್ನಾಗಿತ್ತು, ಗ್ರಹಗಳ ನಕಾಶೆ ಚೆನ್ನಾಗಿತ್ತು, ಕಾಗದವಂತೂ ಮದುವೆ ಕರೆಯೋಲೆಯಂಥದ್ದು. ಕಥೆ ಮಾತ್ರ ಶುದ್ಧ ದಂಡ.

ತೊಂಬತ್ತರ ದಶಕದ ಕೊನೆಯ ಮಾತು. ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಆ ಇಂಗ್ಲಿಷ್ ಪುಸ್ತಕ ಹಿಡಿದು ಪ್ರತಿ ಭಾನುವಾರ ಶಿವಮೊಗ್ಗದ ಹೊಸಮನೆಯಿಂದ ಭದ್ರಾವತಿಗೆ ಬಸ್ಸು ಹತ್ತುತ್ತಿದ್ದೆ. ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ಕಾಲೇಜಿನ ಗೆಳತಿಯ ಮನೆ. ಅವಳು, ಅವಳ ಅಕ್ಕ, ನಾನು. ಆ ಪುಸ್ತಕದಲ್ಲಿದ್ದದ್ದು ಬಾಯಲ್ಲೇ ಆಡುವ ಒಂದು ಕಥೆಯಾಟ. ಆಟ ನಡೆಸುವವನು ನಾನು, ಪುಸ್ತಕ ನೋಡಿ ಕಥೆ ಹೇಳಬೇಕು. ಆಕಾಶನೌಕೆಯ ಸಿಬ್ಬಂದಿಯಾಗಿ ತಾವೇನು ಮಾಡುತ್ತೇವೆಂದು ಅವರು ಹೇಳಬೇಕು. ಅದು ಆಗುತ್ತದೋ ಇಲ್ಲವೋ ಅಂತ ಅನುಮಾನ ಬಂದಲ್ಲಿ ದಾಳ ಹಾಕಿ ತೀರ್ಮಾನ.

ನಾಲ್ಕು ತಿಂಗಳು ಆಡಿ ಕೊನೆಯ ಅಧ್ಯಾಯಕ್ಕೆ ಬಂದೆವು. ಗಣಿಗ್ರಹವೊಂದರಲ್ಲಿ ಕಬ್ಬಿಣ ಕರಗಿಸುವ ಕುಲುಮೆ. ಅದನ್ನು ನಂಬಿಕೊಂಡ ಊರು. ಗೆಳತಿಯ ಪಾತ್ರ ಆ ಊರಿನವಳು. ಊರು ಉಳಿಸಬೇಕೆಂದೇ ಅಷ್ಟು ದಿನ ಆಡಿದ್ದಳು. ಶತ್ರುವಿಗೆ ಹೊಗೆ ಕಾಣಬಾರದೆಂದು ಕುಲುಮೆಯನ್ನು ತುಂಬಿದ ಹಾಗೇ ಆರಿಸಿ, ಮೂರು ವಾರ ಬಿಟ್ಟು ಮತ್ತೆ ಹಚ್ಚಬೇಕು, ಆಗ ಗೆಲುವು ಅಂತ ಪುಸ್ತಕ ಹೇಳಿತು.

"ಆರಿಸಲ್ಲ," ಅಂದಳು ಗೆಳತಿ. "ಆರಿಸಿದ್ರೆ ಊರೇ ಹೋಯ್ತು. ಹೊಗೆ ಮುಚ್ಚೋಕೆ ಬೇರೆ ದಾರಿ ಹುಡುಕ್ತೀನಿ."

ಅವಳ ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕುಲುಮೆ ಮುಂದೆ ನಿಂತವರು. ಮಂಚದ ಮೇಲೆ ಪೇಪರ್ ಓದುತ್ತಿದ್ದವರು ಅದನ್ನು ಕೆಳಗಿಳಿಸಿದರು. "ತುಂಬಿದ್ ಕುಲುಮೆ ತಣ್ಣಗಾದ್ರೆ ಒಳಗಿನ ಕಬ್ಬಿಣ ಹೆಪ್ಪುಗಟ್ಟಿ ಬಂಡೆ ಆಗತ್ತೆ ಮಾರಾಯ. ಆಮೇಲೆ ಹಚ್ಚೋದಲ್ಲ, ಒಡೀಬೇಕು."

"ಪುಸ್ತಕದಲ್ಲಿ ಹಂಗೇ ಇದೆ ಅಂಕಲ್," ಅಂದೆ.

ಅವರು ಮತ್ತೆ ಪೇಪರ್ ಎತ್ತಿಕೊಂಡರು. ಗೆಳತಿ ಒಂದಾದ ಮೇಲೊಂದು ಉಪಾಯ ಹೇಳಿದಳು. ಎಲ್ಲಕ್ಕೂ ಇಲ್ಲ ಅಂದೆ, ಒಂದು ದಾಳವನ್ನೂ ಹಾಕಗೊಡಲಿಲ್ಲ. ತಂಡ ಒಪ್ಪದಿದ್ದರೆ ತಮ್ಮ ಕಡೆಯ ಸೈನಿಕರೇ ಬಂದು ಆರಿಸುತ್ತಾರೆ ಅಂತ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಇತ್ತು, ಅದನ್ನೇ ಗಟ್ಟಿಯಾಗಿ ಓದಿದೆ. ಬರೆದ ಮಹಾಶಯ ತನ್ನ ಮನೆಯ ಗ್ಯಾಸ್ ಒಲೆ ಬಿಟ್ಟು ಬೇರೆ ಬೆಂಕಿ ನೋಡಿರಲಿಕ್ಕಿಲ್ಲ. ಎತ್ತು ಈಯಿತು ಅಂದವನು ಅವನು, ಕೊಟ್ಟಿಗೆಗೆ ಕಟ್ಟಿದವನು ನಾನು. ಆಟ ನಡೆಸುವವನು ಏನನ್ನಾದರೂ ಬದಲಿಸಬಹುದು ಅಂತ ಮೊದಲ ಪುಟದಲ್ಲೇ ಬರೆದಿತ್ತು. ಅದನ್ನೂ ಓದಿದ್ದೆ.

ಗೆಳತಿ ತನ್ನ ಪಾತ್ರದ ಹಾಳೆಯನ್ನು ಮಡಚಿ ನನ್ನ ಕೈಗಿಟ್ಟಳು. ಮುಂದಿನ ಭಾನುವಾರ ಬರಲೇ ಅಂತ ಕೇಳಿದೆ.

"ಬೇಡ. ಬರೆದೋನಿಗೆ ಗೊತ್ತಿರ್ಲಿಲ್ಲ, ಹೋಗ್ಲಿ. ನಿಂಗೆ ಅಪ್ಪ ಹೇಳಿದ್ರಲ್ಲ."